ಬಜೆಟ್ ಜೂಮ್ ಲೆನ್ಸಿಗೆ ಟೆಲಿಕನ್ವರ್ಟರ್ ಹಾಕಿ ದೂರದ ಆಕ್ಷನ್ ತೆಗೆಯೋದು ಹೇಗೆ, ಯಾವಾಗ ಹಾಕ್ಲೇಬಾರ್ದು

70-300 ಲೆನ್ಸ್ ಹಿಡ್ಕೊಂಡು ಮೈದಾನದ ಅಂಚಲ್ಲಿ ನಿಂತಿರೋ ಎಲ್ರಿಗೂ ಈ ಗಳಿಗೆ ಬಂದೇ ಬರತ್ತೆ, ಆಟ ಪೂರ್ತಿ ಆಚೆ ತುದೀಲಿ ನಡೀತಿರತ್ತೆ, ಜೂಮ್ ರಿಂಗ್ 300ಕ್ಕೆ ಬಂದು ನಿಂತ್ಬಿಟ್ಟಿರತ್ತೆ, ಆದ್ರೂ ಇನ್ನೊಂಚೂರು ತಿರುಗತ್ತಾ ಅಂತ ಕೈ ತಾನಾಗೇ ಒತ್ತತಾ ಇರತ್ತೆ. ಮನೆಗೆ ಬಂದು ಫೋಟೋ ನೋಡಿದ್ರೆ ಆಟಗಾರ ಅಂಗೈ ಮೇಲಿನ ಇರುವೆ ತರ ಕಾಣ್ತಾನೆ. ಆವತ್ತು ರಾತ್ರಿನೇ ಟೆಲಿಕನ್ವರ್ಟರ್ ಹುಡುಕಕ್ಕೆ ಶುರು ಮಾಡ್ತೀವಿ. ನಾನೂ ಹಾಗೇ ಶುರು ಮಾಡಿದ್ದು, ಅದೂ ನೇರವಾಗಿ 2 ಎಕ್ಸ್ (ಎರಡು ಪಟ್ಟು ದೊಡ್ಡದು ಮಾಡೋದು) ತಗೊಂಡು, ಸಂಜೆ ಮ್ಯಾಚಿಗೆ ಹೋಗಿ, ಒಂದೂ ಶಾರ್ಪ್ ಫೋಟೋ ಇಲ್ದೆ ವಾಪಸ್ ಬಂದೆ. ಆಮೇಲೆ ವರ್ಷಗಟ್ಲೆ ಟೆಸ್ಟ್ ಮಾಡಿ ಮಾಡಿ ಒಂದು ಕ್ರಮಕ್ಕೆ ಬಂದಿದೀನಿ, ಅದನ್ನ ಅದೇ ಕ್ರಮದಲ್ಲಿ ಇಲ್ಲಿ ಬರೀತಿದೀನಿ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ: ಬಜೆಟ್ ಜೂಮಿಗೆ ಕನ್ವರ್ಟರ್ ಹಾಕಿದಾಗ ಬರೋ ಫೋಟೋ, ಕನ್ವರ್ಟರ್ ಇಲ್ದೆ ತೆಗ್ದು ಕ್ರಾಪ್ ಮಾಡಿದ ಫೋಟೋಗಿಂತ ಚೆನ್ನಾಗಿದ್ರೆ ಮಾತ್ರ ಅದಕ್ಕೆ ಬ್ಯಾಗಲ್ಲಿ ಜಾಗ. ಇದನ್ನ ನೀವೇ ಟೆಸ್ಟ್ ಮಾಡಿ ನೋಡ್ಬೇಕು, ಬೇರೆಯವ್ರು ಹೇಳಿದ್ದು ನಿಮ್ ಲೆನ್ಸಿಗೆ ಹೊಂದತ್ತೆ ಅಂತ ಏನಿಲ್ಲ.

ಅದು ಮಾಡೋ ಕೆಲ್ಸ ಏನು

ಟೆಲಿಕನ್ವರ್ಟರ್ ಅಂದ್ರೆ ಲೆನ್ಸಿಗೂ ಕ್ಯಾಮೆರಾ ಬಾಡಿಗೂ ಮಧ್ಯೆ ಕೂರೋ ಒಂದು ಚಿಕ್ಕ ಗಾಜಿನ ಗುಂಪು. ಲೆನ್ಸ್ ಕೊಡೋ ಚಿತ್ರದ ನಡುಭಾಗವನ್ನ ಹಿಗ್ಗಿಸಿ ಸೆನ್ಸರ್ ತುಂಬಾ ಹರಡತ್ತೆ, ಅಷ್ಟೇ. ಹೊಸ ಡೀಟೇಲ್ ಅದು ಎಲ್ಲಿಂದ್ಲೂ ತರಲ್ಲ, ಲೆನ್ಸ್ ಏನು ಕೊಟ್ಟಿದೆಯೋ ಅದನ್ನೇ ದೊಡ್ಡದು ಮಾಡತ್ತೆ, ಜೊತೆಗೆ ಲೆನ್ಸಿನ ತಪ್ಪುಗಳನ್ನೂ ಅಷ್ಟೇ ದೊಡ್ಡದು ಮಾಡತ್ತೆ. 300ರಲ್ಲಿ ನಿಮ್ ಲೆನ್ಸ್ ಸ್ವಲ್ಪ ಮೆತ್ತಗೆ (ಅಷ್ಟು ಶಾರ್ಪ್ ಇಲ್ದೆ) ಇದ್ರೆ, 1.4 ಎಕ್ಸ್ ಹಾಕಿ 420 ಆದಾಗ ಆ ಮೆತ್ತಗಿರೋದು ಕಣ್ಣಿಗೆ ಹೊಡ್ಯತ್ತೆ.

ಬೆಳಕಿನ ಲೆಕ್ಕ ಹೀಗಿದೆ. 300 ಎಂಎಂ ಎಫ್/5.6 ಅಂದ್ರೆ ಬೆಳಕು ಬರೋ ತೂತು ಸುಮಾರು 54 ಎಂಎಂ ಅಗಲ. 1.4 ಎಕ್ಸ್ ಹಾಕಿದ್ರೆ ಫೋಕಲ್ ಲೆಂತ್ 420 ಆಗತ್ತೆ, ತೂತು ಮಾತ್ರ ಇದ್ದಷ್ಟೇ ಇರತ್ತೆ, ಹಾಗಾಗಿ ಎಫ್ ನಂಬರ್ (ಫೋಕಲ್ ಲೆಂತನ್ನ ತೂತಿನ ಅಗಲದಿಂದ ಭಾಗಿಸಿದ್ದು) 8 ಆಗತ್ತೆ, ಒಂದು ಸ್ಟಾಪ್ ಹೋಯ್ತು, ಅಂದ್ರೆ ಬೆಳಕು ಅರ್ಧ. 2 ಎಕ್ಸ್ ಹಾಕಿದ್ರೆ 600 ಎಂಎಂ ಎಫ್/11, ಎರಡು ಸ್ಟಾಪ್ ಹೋಯ್ತು ಅಂದ್ರೆ ಬೆಳಕು ಕಾಲು ಭಾಗ. ದುಬಾರಿ ಎಫ್/2.8 ಲೆನ್ಸ್ ಇರೋರಿಗೆ ಎರಡು ಸ್ಟಾಪ್ ಹೋದ್ರೂ ಎಫ್/5.6 ಉಳಿಯತ್ತೆ, ನಮಗೆ ಶುರುನೇ ಎಫ್/5.6. ಇಡೀ ಕಷ್ಟ ಇರೋದು ಇಲ್ಲೇ.

ಫಿಲ್ಟರ್ ಥ್ರೆಡ್‌ಗೆ ಮುಂದಿಂದ ತಿರುಗಿಸಿ ಹಾಕೋ 2.2 ಎಕ್ಸ್ ಅಂತ ಮಾರೋ ಸಾಮಾನು ಬೇರೆ, ಅದನ್ನೂ ಟೆಲಿ ಕನ್ವರ್ಷನ್ ಲೆನ್ಸ್ ಅಂತಾರೆ. ಅವುಗಳಲ್ಲಿ ಅಗ್ಗದ್ದು ಆಕ್ಷನ್‌ಗೆ ಬೇಡವೇ ಬೇಡ, ಅಂಚುಗಳೆಲ್ಲ ಕಲಸಿದ ಹಾಗೆ ಬರತ್ತೆ.

ಮೊದಲ ಸ್ಟೆಪ್: ನಿಜವಾಗ್ಲೂ ಬೇಕಾ ಅಂತ ಲೆಕ್ಕ ಹಾಕಿ

ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕದು) ಸೆನ್ಸರ್ ಎತ್ತರ ಸುಮಾರು 15.6 ಎಂಎಂ. ಇದನ್ನ ಫೋಕಲ್ ಲೆಂತ್‌ನಿಂದ ಭಾಗಿಸಿ ದೂರದಿಂದ ಗುಣಿಸಿದ್ರೆ ಫ್ರೇಮಲ್ಲಿ ಎಷ್ಟು ಎತ್ತರ ಸಿಗತ್ತೆ ಅಂತ ಗೊತ್ತಾಗತ್ತೆ. 60 ಮೀಟರ್ ದೂರಕ್ಕೆ 300 ಎಂಎಂ ಅಂದ್ರೆ ಸುಮಾರು 3.1 ಮೀಟರ್, ಅದ್ರಲ್ಲಿ 1.8 ಮೀಟರ್ ಎತ್ತರದ ಆಟಗಾರ ಅರ್ಧಕ್ಕಿಂತ ಜಾಸ್ತಿ ತುಂಬ್ಕೊಂಡಿರ್ತಾನೆ, ಇಲ್ಲಿ ಕನ್ವರ್ಟರ್ ಹಾಕಿದ್ರೆ ಕೈ ಎತ್ತಿದಾಗ ಬೆರಳು ಕಟ್ ಆಗೋ ಸಾಧ್ಯತೆನೇ ಜಾಸ್ತಿ. 100 ಮೀಟರ್‌ಗೆ ಬನ್ನಿ, ಫುಟ್‌ಬಾಲ್ ಮೈದಾನದ ಉದ್ದ ಸಾಮಾನ್ಯವಾಗಿ 105 ಮೀಟರ್, ಅಂದ್ರೆ ಒಂದು ಗೋಲ್ ಹಿಂದೆ ನಿಂತು ಇನ್ನೊಂದು ಗೋಲ್ ನೋಡಿದ ಹಾಗೆ. 300 ಎಂಎಂನಲ್ಲಿ ಫ್ರೇಮ್ ಎತ್ತರ 5.2 ಮೀಟರ್, ಆಟಗಾರ ಮೂರನೇ ಒಂದು ಭಾಗ. 420ರಲ್ಲಿ 3.7 ಮೀಟರ್, ಆಟಗಾರ ಹತ್ರಹತ್ರ ಅರ್ಧ. ಈ ವ್ಯತ್ಯಾಸಕ್ಕೆ ಬೆಲೆ ಇದೆ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. 100 ಮೀಟರ್ ದೂರ ಇದ್ದವರು 71 ಮೀಟರ್‌ಗೆ ನಡ್ಕೊಂಡು ಬಂದ್ರೆ 1.4 ಎಕ್ಸ್ ಹಾಕಿದಷ್ಟೇ ದೊಡ್ಡದಾಗತ್ತೆ, ಒಂದು ಚೂರೂ ಬೆಳಕು ಹೋಗಲ್ಲ, ಫೋಕಸ್ ನಿಧಾನ ಆಗಲ್ಲ, ಮಧ್ಯದ ಗಾಳಿ ಧೂಳು ಕೂಡ ಕಮ್ಮಿ ಆಗತ್ತೆ. ಹಾಗಾಗಿ ಹತ್ರ ಹೋಗೋ ದಾರಿ ಇದ್ರೆ ಮೊದ್ಲು ಹೋಗಿ. ಬೇಲಿ, ನೀರು, ರೇಸ್ ಟ್ರ್ಯಾಕ್ ತಡೆಗೋಡೆ, ಹತ್ರ ಹೋದ್ರೆ ಹಾರಿಹೋಗೋ ಹಕ್ಕಿ, ಈ ತರ ಕಾಲು ಹೋಗಕ್ಕಾಗ್ದೇ ಇರೋ ಕಡೆಗೆ ಮಾತ್ರ ಕನ್ವರ್ಟರ್.

ಎರಡನೇದು: ಲೆನ್ಸಿಗೆ ಕೂರತ್ತಾ ಅಂತ ನೋಡಿ, ಬಲವಂತ ಮಾಡ್ಬೇಡಿ

ಇದ್ರಲ್ಲಿ ಜನ ದುಡ್ಡಿನ ಜೊತೆ ಲೆನ್ಸ್ ಗಾಜನ್ನೂ ಕಳ್ಕೊಳ್ತಾರೆ. ಕೆನಾನ್‌ನ ಇಎಫ್ ಎಕ್ಸ್‌ಟೆಂಡರ್‌ಗಳಲ್ಲಿ (ಅವರು ಟೆಲಿಕನ್ವರ್ಟರ್‌ಗೆ ಇಟ್ಟ ಹೆಸರು) ಮುಂದಿನ ಗಾಜು ಮೂತಿ ತರ ಮುಂದಕ್ಕೆ ಚಾಚ್ಕೊಂಡಿರತ್ತೆ, ಹಿಂಭಾಗದಲ್ಲಿ ಅದಕ್ಕೆ ಜಾಗ ಇರೋ ಕೆಲವೇ ಲೆನ್ಸಿಗೆ ಅದು ಕೂರತ್ತೆ, ಅವೆಲ್ಲ ಬಹುತೇಕ ದುಬಾರಿ ಲೆನ್ಸುಗಳೇ. ಸಾಮಾನ್ಯ 70-300ಗೆ ತಿರುಗಿಸಿದ್ರೆ ಗಾಜಿಗೆ ಗಾಜು ತಾಗತ್ತೆ. ಸೋನಿಯ ಫುಲ್ ಫ್ರೇಮ್ 70-300 ಕೂಡ ಟೆಲಿಕನ್ವರ್ಟರ್ ಲಿಸ್ಟಲ್ಲಿ ಇಲ್ಲ. ಕೆಂಕೊ ತರದ ಬೇರೆ ಕಂಪನಿ ಕನ್ವರ್ಟರ್‌ಗಳಲ್ಲಿ ಮುಂದಿನ ಗಾಜು ಒಳಗೇ ಇರೋದ್ರಿಂದ ಹಳೆ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರೋ ಕ್ಯಾಮೆರಾ) ಬಜೆಟ್ ಲೆನ್ಸ್ ಇರೋರು ಜಾಸ್ತಿ ಅದನ್ನೇ ತಗೋತಾರೆ. ಆದ್ರೆ ಕೆನಾನ್ 55-250 ಒಂದು ಇಎಫ್-ಎಸ್ ಲೆನ್ಸ್ (ಚಿಕ್ಕ ಸೆನ್ಸರ್ ಬಾಡಿಗೆ ಅಂತ ಮಾಡಿದ್ದು), ಬರೀ ಇಎಫ್ ಮೌಂಟ್ ಇರೋ ಕನ್ವರ್ಟರ್‌ಗೆ ಅದು ಕೂರಲ್ಲ, ತಗೊಳಕ್ಕೆ ಮುಂಚೆ ಕನ್ವರ್ಟರ್ ಮೌಂಟ್ ಮೇಲೆ ಇಎಫ್-ಎಸ್‌ನ ಬಿಳಿ ಚೌಕದ ಗುರುತು ಇದೆಯಾ ನೋಡಿ.

ಇನ್ನೂ ಒಂದು ಪರೀಕ್ಷೆ ಮಾಡಿ. ಲೆನ್ಸ್ ಬಿಚ್ಚಿ ಹಿಂಭಾಗ ನೋಡ್ತಾ ಜೂಮ್ ರಿಂಗನ್ನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ, ಆಮೇಲೆ ಫೋಕಸ್ ರಿಂಗನ್ನೂ ತಿರುಗಿಸಿ. ಕೆಲವು ಲೆನ್ಸಲ್ಲಿ ಒಂದು ತುದೀಲಿ ಹಿಂದಿನ ಗಾಜು ಮೌಂಟ್ ಹತ್ರಕ್ಕೇ ಬಂದ್ಬಿಡತ್ತೆ. ಹಾಗಿದ್ರೆ ಮೂತಿ ಇರೋ ಕನ್ವರ್ಟರ್ ಹತ್ರಾನೂ ಹೋಗ್ಬೇಡಿ.

ಮಿರರ್‌ಲೆಸ್‌ನಲ್ಲಿ (ಕನ್ನಡಿ ಇಲ್ಲದ ಕ್ಯಾಮೆರಾ) ಪರಿಸ್ಥಿತಿ ಪರವಾಗಿಲ್ಲ. ಕೆನಾನ್ ಆರ್‌ಎಫ್ 100-400 ಎಫ್/5.6-8 ಹಗುರ, ಅದರ ಸಾಲಲ್ಲಿ ಬೆಲೆನೂ ಕಮ್ಮಿ, ಅದಕ್ಕೆ ಕಂಪನಿಯ 1.4 ಎಕ್ಸ್, 2 ಎಕ್ಸ್ ಎರಡೂ ಕೂರತ್ತೆ, 1.4ರಲ್ಲಿ 560 ಎಂಎಂ ಎಫ್/11 ಸಿಗತ್ತೆ. ನಿಕಾನ್ ಝಡ್ 180-600ಗೂ ನಿಕಾನ್ ಝಡ್ ಕನ್ವರ್ಟರ್ ಕೂರತ್ತೆ, ಸೋನಿ 200-600ಗೆ ಸೋನಿದು ಕೂರತ್ತೆ. ಡಿಎಸ್‌ಎಲ್‌ಆರ್ ಕಾಲದ ಸಿಗ್ಮಾ 150-600 ಕಂಟೆಂಪರರಿಗೆ ಸಿಗ್ಮಾದೇ ಟಿಸಿ-1401, ಟ್ಯಾಮ್ರಾನ್ 150-600 ಜಿ2ಗೆ ಟ್ಯಾಮ್ರಾನ್‌ದೇ 1.4 ಎಕ್ಸ್ ಇದೆ, ಹಾಕಿದ್ರೆ 840 ಎಂಎಂ, ಎಫ್/9 ಆಸುಪಾಸು. ಲೆನ್ಸ್ ಮಾಡಿದ ಕಂಪನಿನೇ ಆ ಲೆನ್ಸಿಗೆ ಅಂತ ಹೇಳಿ ಮಾಡಿದ ಕನ್ವರ್ಟರ್ ಸಿಗೋದಾದ್ರೆ ಅದೇ ತಗೊಳ್ಳಿ, ಎರಡನೇ ಯೋಚನೆ ಬೇಡ.

ಮೂರನೇದು: ಬಾಡಿ ಎಫ್/8ರಲ್ಲಿ ಫೋಕಸ್ ಮಾಡತ್ತಾ

ಬಹುಪಾಲು ಬಜೆಟ್ ಡಿಎಸ್‌ಎಲ್‌ಆರ್‌ಗಳಲ್ಲಿ ಆಟೋಫೋಕಸ್ ಸೆನ್ಸರ್ ಎಫ್/5.6 ತನಕ ಅಂತ ಮಾಡಿರ್ತಾರೆ. ಎಫ್/8 ಆದ್ರೆ ಕೆಲವು ಬಾಡಿ ಫೋಕಸನ್ನೇ ನಿಲ್ಲಿಸ್ಬಿಡತ್ತೆ, ಕೆಲವು ಪ್ರಯತ್ನ ಪಡತ್ತೆ, ಆದ್ರೆ ಹಿಂದೆ ಮುಂದೆ ಓಡಾಡ್ತಾ ಇರತ್ತೆ, ಅದನ್ನೇ ಹಂಟಿಂಗ್ ಅನ್ನೋದು. ನಿಕಾನ್ ಡಿ7100 (2013), ಕೆನಾನ್ 7ಡಿ ಮಾರ್ಕ್ 2 (2014) ತರದ ಬಾಡಿಗಳಲ್ಲಿ ನಡುವಿನ ಪಾಯಿಂಟ್ ಎಫ್/8ರಲ್ಲೂ ಕೆಲ್ಸ ಮಾಡತ್ತೆ. ಮಿರರ್‌ಲೆಸ್‌ಗಳಲ್ಲಿ ಸೆನ್ಸರ್ ಮೇಲೇ ಫೋಕಸ್ ಆಗೋದ್ರಿಂದ ಈ ಗೋಡೆ ಒಡ್ದು ಹೋಗಿದೆ, 2018ರ ಕೆನಾನ್ ಇಒಎಸ್ ಆರ್ ಎಫ್/11 ತನಕ, 2020ರ ಆರ್5, ಆರ್6 ಎಫ್/22 ತನಕ ಫೋಕಸ್ ಹಿಡಿಯತ್ತೆ. ಆದ್ರೆ ಫೋಕಸ್ ಆಗೋದು ಬೇರೆ, ಓಡ್ತಾ ಇರೋದನ್ನ ಬೆನ್ನಟ್ಟೋ ವೇಗದಲ್ಲಿ ಫೋಕಸ್ ಆಗೋದು ಬೇರೆ, ಇದನ್ನ ನಂಬರ್ ನೋಡಿ ಹೇಳಕ್ಕಾಗಲ್ಲ.

ಎಫ್/8 ಅನ್ನೋದು ಬಾಡಿಗೆ ಗೊತ್ತಾಗ್ದೇ ಇರ್ಲಿ ಅಂತ ಕನ್ವರ್ಟರ್ ಪಿನ್‌ಗಳ ಮೇಲೆ ಟೇಪ್ ಅಂಟಿಸೋ ಉಪಾಯ ಒಂದಿದೆ, ಕೆಲವು ಹಳೆ ಸೆಟಪ್‌ಗಳಲ್ಲಿ ಜನ ಮಾಡ್ತಾರೆ. ಒಳ್ಳೆ ಬಿಸಿಲಲ್ಲಿ ನಿಂತಿರೋ ಹಕ್ಕಿಗೆ ನಡೀಬಹುದು, ಓಡೋ ಮನುಷ್ಯನಿಗೆ ನಂಬಕ್ಕಾಗಲ್ಲ, ಆಕ್ಷನ್‌ಗೆ ನಾನು ಬೇಡ ಅಂತೀನಿ.

ನಾಲ್ಕನೇದು, ಎಲ್ಲಕ್ಕಿಂತ ಮುಖ್ಯ: ಮನೇಲಿ ಟೆಸ್ಟ್

ಇದಕ್ಕೆ ಅರ್ಧ ದಿನ ಕೊಡಿ. ಬೆಳಗ್ಗೆ ಹೊತ್ತು, ನೆಲ ಕಾಯಕ್ಕೆ ಮುಂಚೆ, ಒಂದು 25-30 ಮೀಟರ್ ದೂರದಲ್ಲಿ ಸಣ್ಣ ಅಕ್ಷರ ಇರೋ ಏನಾದ್ರೂ ಇಡಿ, ನ್ಯೂಸ್‌ಪೇಪರ್ ಒಂದು ಹಾಳೆ ರಟ್ಟಿಗೆ ಅಂಟಿಸಿದ್ರೆ ಸಾಕು. ಟ್ರೈಪಾಡ್, ಲೈವ್ ವ್ಯೂ (ಹಿಂದಿನ ಸ್ಕ್ರೀನಲ್ಲಿ ನೋಡಿ) ಫೋಕಸ್, ಎರಡು ಸೆಕೆಂಡ್ ಟೈಮರ್, ಸ್ಟೆಬಿಲೈಸೇಷನ್ ಆಫ್. ನಾಲ್ಕು ಫೋಟೋ ತೆಗೀರಿ: ಬರೀ ಲೆನ್ಸ್ 300 ಎಫ್/5.6, ಬರೀ ಲೆನ್ಸ್ 300 ಎಫ್/8, ಕನ್ವರ್ಟರ್ ಜೊತೆ ಎಫ್/8, ಕನ್ವರ್ಟರ್ ಜೊತೆ ಎಫ್/11. ಪ್ರತಿಯೊಂದನ್ನೂ ಮೂರು ಸಲ, ಪ್ರತಿ ಸಲ ಹೊಸದಾಗಿ ಫೋಕಸ್ ಮಾಡಿ, ಯಾಕಂದ್ರೆ ಒಂದು ತಪ್ಪು ಫೋಕಸ್ ಇಟ್ಕೊಂಡು ಗಾಜನ್ನ ಬೈಯೋದು ಅನ್ಯಾಯ.

ಆಮೇಲೆ ಕಂಪ್ಯೂಟರಲ್ಲಿ ಬರೀ ಲೆನ್ಸಿನ ಫೋಟೋನ 140 ಪರ್ಸೆಂಟ್‌ಗೆ ದೊಡ್ಡದು ಮಾಡಿ ಕನ್ವರ್ಟರ್ ಫೋಟೋ ಪಕ್ಕ ಇಡಿ. 'ಕ್ಷ', 'ಷ' ತರದ ಒತ್ತೊತ್ತು ಗೆರೆ ಇರೋ ಅಕ್ಷರಗಳನ್ನ ನೋಡಿ. ಅಕ್ಷರದ ಒಳಗಿನ ಬಿಳಿ ಜಾಗ ಬೇರೆಯಾಗಿ ಕಾಣ್ತಿದೆಯಾ, ಇಲ್ಲ ಬೂದು ಬಣ್ಣಕ್ಕೆ ಮುಚ್ಚಿ ಹೋಗಿದೆಯಾ? ನಂದೊಂದು ಹಳೆ 70-300ರಲ್ಲಿ ಕನ್ವರ್ಟರ್ ಹಾಕಿ ಎಫ್/8ರಲ್ಲಿ ತೆಗ್ದಾಗ 'ಕ್ಷ' ಒಂದು ಮಸಿ ಉಂಡೆ ಆಗಿತ್ತು, ಎಡಗಡೆ ಅಂಚಿಗೆ ನೇರಳೆ ಗೆರೆ, ಬಲಗಡೆ ಹಸಿರು. ಅದೇ ಎಫ್/11ಕ್ಕೆ ಇಳಿಸಿದ್ರೆ (ಅಂದ್ರೆ ತೂತು ಇನ್ನೂ ಚಿಕ್ಕದು ಮಾಡಿದ್ರೆ) ಒಳಗಿನ ಬಿಳಿ ಚುಕ್ಕೆ ಕಾಣಿಸ್ತು, ಬರೀ ಲೆನ್ಸ್ ಕ್ರಾಪ್‌ಗಿಂತ ಒಂದು ಎಳೆ ಚೆನ್ನಾಗಿತ್ತು. ಆ ಒಂದು ಎಳೆಗೋಸ್ಕರ ಒಟ್ಟು ಎರಡು ಸ್ಟಾಪ್ ಬೆಳಕು ಕೊಟ್ಟ ಹಾಗಾಯ್ತು. ಬಹುಪಾಲು ಬಜೆಟ್ ಜೂಮ್‌ಗಳು 300ರ ತುದೀಲೇ ಅತಿ ಮೆತ್ತಗೆ ಇರೋದು, ಕನ್ವರ್ಟರ್ ಬಳಸೋದೂ ಅದೇ ತುದೀಲೇ, ಹಾಗಾಗಿ ಒಂದು ಸ್ಟಾಪ್ ಇಳಿಸೋದು ಇಲ್ಲಿ ಅನಿವಾರ್ಯ ಅಂತಲೇ ಇಟ್ಕೊಳ್ಳಿ. ಆದ್ರೆ ಎಫ್/11 ದಾಟಬೇಡಿ, 24 ಮೆಗಾಪಿಕ್ಸೆಲ್ ಎಪಿಎಸ್-ಸಿಯಲ್ಲಿ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್, ಎಫ್/11ರಲ್ಲಿ ಒಂದು ಬೆಳಕಿನ ಚುಕ್ಕೆನೇ ಸುಮಾರು 15 ಮೈಕ್ರಾನ್ ಅಗಲಕ್ಕೆ ಹರಡಿರತ್ತೆ, ಇನ್ನೂ ಮುಚ್ಚಿದ್ರೆ ಡಿಫ್ರ್ಯಾಕ್ಷನ್‌ನಿಂದ (ಚಿಕ್ಕ ತೂತಲ್ಲಿ ಬೆಳಕು ಹರಡೋದು) ಮತ್ತೆ ಮೆತ್ತಗಾಗತ್ತೆ. 300 ಎಫ್/5.6 ಜೂಮ್ ಮೇಲೆ 2 ಎಕ್ಸ್ ಅನ್ನು ನಾನು ಲೆಕ್ಕಕ್ಕೇ ತಗೊಳ್ಳದಿರೋದು ಇದಕ್ಕೇ, ತೆರೆದಾಗಲೇ ಎಫ್/11, ಒಂದು ಸ್ಟಾಪ್ ಇಳಿಸಿದ್ರೆ ಎಫ್/16.

ಕ್ರಾಪ್ ಮಾಡಿದ್ರೆ ಏನು ಕಳ್ಕೊತೀವಿ ಅನ್ನೋದೂ ಗೊತ್ತಿರ್ಲಿ. 24 ಮೆಗಾಪಿಕ್ಸೆಲ್ ಫೋಟೋನ 1.4 ಎಕ್ಸ್ ಅಷ್ಟು ಕ್ರಾಪ್ ಮಾಡಿದ್ರೆ ಸುಮಾರು 12 ಉಳಿಯತ್ತೆ, ಅದು ದೊಡ್ಡ ಪ್ರಿಂಟ್‌ಗೂ ಸಾಕು. 2 ಎಕ್ಸ್ ಅಷ್ಟು ಅಂದ್ರೆ 6, ಫೋನಲ್ಲಿ ನೋಡಕ್ಕೆ ಧಾರಾಳವಾಗಿ ಸಾಕು. ಎಷ್ಟೋ ಸಲ ಈ ಟೆಸ್ಟ್ ಮುಗಿಸಿದವರು ಕನ್ವರ್ಟರ್ ವಾಪಸ್ ಕೊಟ್ಟು ಬರ್ತಾರೆ, ಅದು ಸೋಲಲ್ಲ, ಸರಿಯಾದ ಉತ್ತರ. ಹಾಗಾಗಿ ವಾಪಸ್ ತಗೊಳ್ಳೋ ಕಡೆಯಿಂದ್ಲೇ ತಗೊಳ್ಳಿ, ಇಲ್ಲ ಒಂದು ದಿನಕ್ಕೆ ಬಾಡಿಗೆಗೆ ತಂದು ನೋಡಿ.

ನಿಂತಿರೋದ್ರ ಟೆಸ್ಟ್ ಪಾಸ್ ಆದ್ರೆ ಓಡೋದ್ರ ಟೆಸ್ಟ್. ಯಾರನ್ನಾದ್ರೂ ಸೈಕಲ್ ಮೇಲೆ ನಿಮ್ ಕಡೆ ನೇರವಾಗಿ ಬರಕ್ಕೆ ಹೇಳಿ, ಕಂಟಿನ್ಯೂಯಸ್ ಫೋಕಸಲ್ಲಿ 20 ಫ್ರೇಮ್ ತೆಗೀರಿ, ಕನ್ವರ್ಟರ್ ಇಲ್ದೆ ಒಂದ್ಸಲ, ಹಾಕಿ ಒಂದ್ಸಲ. ಎಷ್ಟು ಫ್ರೇಮಲ್ಲಿ ಮುಖ ಶಾರ್ಪ್ ಇದೆ ಎಣಿಸಿ. ಇಲ್ದೆ 14, ಹಾಕಿ 5 ಬಂತು ಅಂದ್ರೆ, ಆ 5 ಎಷ್ಟೇ ಚೆನ್ನಾಗಿರ್ಲಿ, ಆಕ್ಷನ್‌ಗೆ ಆಗಲ್ಲ, ಬೇಕಾದ ಕ್ಷಣ ಆ ಐದರಲ್ಲೇ ಇರತ್ತೆ ಅಂತ ಹೇಳಕ್ಕಾಗಲ್ವಲ್ಲ.

ಐದನೇದು: ಬೆಳಕು ನೋಡಿ ಹೊರಡಿ

ಪೂರ್ತಿ ಬಿಸಿಲಲ್ಲಿ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ನಂಬರ್) 100, ಎಫ್/16, ಶಟರ್ 1/100 ಸೆಕೆಂಡ್ ಅನ್ನೋ ಹಳೆ ಲೆಕ್ಕ ಇದೆಯಲ್ಲ, ಅದ್ರಿಂದ ಶುರು ಮಾಡಿ. ಓಡೋ ಆಟಗಾರನಿಗೆ 1/1000, ಹಾರೋ ಹಕ್ಕಿಗೆ 1/2000 ಅಂತ ಇಟ್ಕೊಳ್ತಾರೆ, ನಡುವೆ 1/1600 ಅಂದ್ಕೊಳ್ಳೋಣ. ಬಿಸಿಲಲ್ಲಿ ಎಫ್/8, 1/1600ಗೆ ಐಎಸ್‌ಒ 400 ಬೇಕು, ಎಫ್/11ಗೆ 800. ಆರಾಮ. ಮೋಡ ಕವಿದು ನೆರಳು ಮಾಯವಾದ್ರೆ ಎರಡು ಸ್ಟಾಪ್ ಹೋಗತ್ತೆ, ಐಎಸ್‌ಒ 1600 ಮತ್ತೆ 3200, ನಡೀತದೆ ಆದ್ರೆ ಮೆತ್ತಗಿರೋ ಚಿತ್ರದ ಮೇಲೆ ನಾಯ್ಸ್ (ಕಾಳು ಕಾಳು ಚುಕ್ಕೆ) ಸೇರಿದ್ರೆ ಕೂದಲು, ಪುಕ್ಕ ಎಲ್ಲ ಹೋಗ್ಬಿಡತ್ತೆ. ಸಂಜೆ, ಫ್ಲಡ್‌ಲೈಟ್, ಒಳಾಂಗಣ ಅಂದ್ರೆ ಕನ್ವರ್ಟರ್ ಮನೇಲೇ ಬಿಟ್ಟು ಬನ್ನಿ. ಶಟರ್ ಮಾತ್ರ ಇಳಿಸ್ಬೇಡಿ, ನಾಯ್ಸ್ ಸರಿ ಮಾಡ್ಬಹುದು, ಅಲುಗಿದ ಮುಖ ಸರಿ ಮಾಡಕ್ಕಾಗಲ್ಲ.

ಬಿಸಿಲಿದ್ರೂ ಇನ್ನೊಂದು ಶತ್ರು ಇದೆ, ಕಾದ ನೆಲದಿಂದ ಏಳೋ ಬಿಸಿ ಗಾಳಿ. ಮಧ್ಯಾಹ್ನ ಡಾಂಬರು ಅಥವಾ ಒಣ ಮೈದಾನದ ಮೇಲೆ 100 ಮೀಟರ್ ಆಚೆ ನೋಡಿದ್ರೆ ಗೆರೆಗಳೆಲ್ಲ ನೀರಲ್ಲಿ ಅಲುಗಿದ ಹಾಗೆ ಕಾಣತ್ತೆ, ಇದನ್ನ ಯಾವ ಗಾಜೂ ಸರಿ ಮಾಡಲ್ಲ, ಎಷ್ಟೋ ಜನ ಇದನ್ನೇ ಕನ್ವರ್ಟರ್ ತಪ್ಪು ಅಂತ ತಿಳ್ಕೊತಾರೆ. ವ್ಯೂಫೈಂಡರಲ್ಲಿ ದೂರದ ಕಂಬದ ಅಂಚು ನಡುಗ್ತಿದ್ರೆ ಕನ್ವರ್ಟರ್ ಬಿಚ್ಚಿ, ಹತ್ರದ ಆಕ್ಷನ್‌ಗೆ ಕಾಯಿರಿ. ಬೆಳಗ್ಗೆ ಮೊದಲ ಒಂದೆರಡು ಗಂಟೆ ಇದಕ್ಕೆ ಹೇಳಿ ಮಾಡಿಸಿದ್ದು.

ಆರನೇದು: ಜಾಗಕ್ಕೆ ಹೋದ್ಮೇಲೆ

ಕ್ಯಾಮೆರಾ ಆಫ್ ಮಾಡಿ, ಕನ್ವರ್ಟರನ್ನ ಮೊದ್ಲು ಲೆನ್ಸಿಗೆ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಬಾಡಿಗೆ ಹಾಕಿ, ಬಾಡಿ ಬಾಯಿ ಕೆಳಗೆ ಮಾಡ್ಕೊಂಡು. ಬಾಡಿ ತೆರೆದಿರೋ ಹೊತ್ತು ಕಮ್ಮಿ ಆದಷ್ಟೂ ಒಳ್ಳೇದು, ಎಫ್/11ರಲ್ಲಿ ಸೆನ್ಸರ್ ಮೇಲಿನ ಧೂಳು ಆಕಾಶದಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣತ್ತೆ. ಬಜೆಟ್ ಜೂಮಿಗೆ ಸಾಮಾನ್ಯವಾಗಿ ಟ್ರೈಪಾಡ್ ಕಾಲರ್ ಇರಲ್ಲ, ಮಾನೋಪಾಡ್ ಬಾಡಿಗೇ ಹಾಕ್ಬೇಕು, ಹಾಗಾಗಿ ಎಡಗೈ ಯಾವಾಗ್ಲೂ ಲೆನ್ಸಿನ ಕೆಳಗೆ ಇರ್ಲಿ, ಈಗ ಮೌಂಟ್ ಒಂದಲ್ಲ ಎರಡು, ಎರಡರಲ್ಲೂ ಚೂರು ಚೂರು ಆಟ ಇರತ್ತೆ.

ಮೋಡ್ ಮ್ಯಾನ್ಯುಯಲ್, ಎಫ್/11, 1/1600, ಆಟೋ ಐಎಸ್‌ಒ, ಮೇಲಿನ ಮಿತಿ ನಿಮ್ ಬಾಡಿ ತಡ್ಕೊಳ್ಳೋಷ್ಟು. ಫೋಕಸ್ ಎಐ ಸರ್ವೋ ಅಥವಾ ಎಎಫ್-ಸಿ (ಕಂಟಿನ್ಯೂಯಸ್ ಫೋಕಸ್‌ಗೆ ಕಂಪನಿಗಳು ಕೊಟ್ಟ ಹೆಸರು). ಡಿಎಸ್‌ಎಲ್‌ಆರ್ ಆದ್ರೆ ನಡುವಿನ ಒಂದೇ ಪಾಯಿಂಟ್, ಫೋಕಸನ್ನ ಶಟರ್ ಬಟನ್‌ನಿಂದ ಬಿಡಿಸಿ ಹಿಂದಿನ ಬಟನ್‌ಗೆ ಹಾಕ್ಕೊಳ್ಳಿ. ಇದು ಯಾಕೆ ಇಷ್ಟು ಮುಖ್ಯ ಅಂದ್ರೆ, ಕನ್ವರ್ಟರ್ ಹಾಕಿದ ಬಜೆಟ್ ಲೆನ್ಸ್ ಒಂದ್ಸಲ ಫೋಕಸ್ ಕಳ್ಕೊಂಡ್ರೆ ಹತ್ರದ ತುದಿ ತನಕ ಹೋಗಿ ವಾಪಸ್ ಬರೋ ಅಷ್ಟರಲ್ಲಿ ಗೋಲ್ ಆಗಿ ಸಂಭ್ರಮನೂ ಮುಗ್ದಿರತ್ತೆ. ಹಾಗಾಗಿ ಫೋಕಸನ್ನ ಕಳ್ಕೊಳ್ಳದ ಹಾಗೆ ನೋಡ್ಕೊಳ್ಳೋದೇ ಇಲ್ಲಿ ಕೌಶಲ್ಯ. ಆಕ್ಷನ್ ಎಲ್ಲಿ ನಡ್ಯತ್ತೆ ಅಂತ ಮೊದ್ಲೇ ಊಹಿಸಿ, ಗೋಲ್ ಕಂಬ, ಟ್ರ್ಯಾಕಿನ ತಿರುವು, ಹಕ್ಕಿ ಪದೇ ಪದೇ ಬಂದು ಕೂರೋ ಕೊಂಬೆ, ಅದೇ ದೂರದ ಯಾವ್ದಾದ್ರೂ ಗಟ್ಟಿ ಅಂಚಿಗೆ ಮೊದ್ಲು ಫೋಕಸ್ ಮಾಡಿ ಬಟನ್ ಬಿಟ್ಬಿಡಿ. ಆಟಗಾರ ಆ ಜಾಗದ ಹತ್ರ ಬಂದಾಗ ಒತ್ತಿದ್ರೆ ಲೆನ್ಸ್ ಸ್ವಲ್ಪವೇ ಸರಿದು ಹಿಡ್ಕೊಳ್ಳತ್ತೆ. ಮೈಗೆ ಗುರಿ ಇಡೋವಾಗ ಬಣ್ಣ ಒಂದೇ ತರ ಇರೋ ಜಾಗ ಬಿಟ್ಟು ಜೆರ್ಸಿ ನಂಬರ್ ಅಂಚಿಗೆ, ಕುತ್ತಿಗೆ ಪಟ್ಟಿಗೆ ಇಡಿ, ಬೆಳಕು ಕಮ್ಮಿ ಇರೋ ಫೋಕಸ್ ಸೆನ್ಸರ್‌ಗೆ ಕಪ್ಪು ಬಿಳುಪು ಗೆರೆ ಸಿಕ್ಕಿದ್ರೆ ಸಾಕು. ಬೈಕ್ ರೇಸ್ ತರ ಎಲ್ರೂ ಅದೇ ಜಾಗದಿಂದ ಹಾದು ಹೋಗೋದಾದ್ರೆ ಮ್ಯಾನ್ಯುಯಲ್ ಫೋಕಸಲ್ಲೇ ಆ ಜಾಗಕ್ಕೆ ಕಟ್ಟಿಹಾಕಿ, ಬರಕ್ಕೆ ಒಂಚೂರು ಮುಂಚೆ ಬರ್ಸ್ಟ್ ಶುರು ಮಾಡಿ, ಈ ರೀತಿಲಿ ಎಫ್/8ರಲ್ಲಿ ಫೋಕಸ್ ಮಾಡ್ದೇ ಇರೋ ಬಾಡಿಲೂ ಒಳ್ಳೆ ಫೋಟೋ ಬರತ್ತೆ.

ಜೂಮ್ ವಿಷಯದಲ್ಲಿ ಒಂದು ನಿಯಮ: ಕನ್ವರ್ಟರ್ ಹಾಕಿರೋವಾಗ ಲೆನ್ಸನ್ನ 214 ಎಂಎಂಗಿಂತ ಕೆಳಗೆ ಇಳಿಸೋ ಪರಿಸ್ಥಿತಿ ಮತ್ತೆ ಮತ್ತೆ ಬರ್ತಿದ್ರೆ ಬಿಚ್ಚಿಬಿಡಿ, ಯಾಕಂದ್ರೆ 214 ಇಂಟು 1.4 ಅಂದ್ರೆ 300, ಅದನ್ನ ಬರೀ ಲೆನ್ಸ್ ಒಂದು ಗಾಜು ಕಮ್ಮಿ ಇಟ್ಕೊಂಡೇ ಕೊಡತ್ತೆ. ಆಟ ನಿಮ್ ಅರ್ಧಕ್ಕೆ ಬಂತಾ, ಬಿಚ್ಚಿ. ಮೋಡ ಬಂತಾ, ಬಿಚ್ಚಿ. ಕನ್ವರ್ಟರ್ ಕ್ಯಾಪ್ ಎರಡೂ ಜೇಬಲ್ಲೇ ಇರ್ಲಿ, ಬ್ಯಾಗಲ್ಲಿ ಹುಡುಕೋ ಅಷ್ಟು ಟೈಮ್ ಸಿಗಲ್ಲ.

ಕೊನೇದು: ಎಡಿಟಿಂಗ್

ರಾ ಫೈಲಲ್ಲೇ (ಕ್ಯಾಮೆರಾ ತಿದ್ದದೇ ಉಳಿಸೋ ಫೈಲ್) ತೆಗೀರಿ. ಮೊದ್ಲು ಬಣ್ಣದ ಅಂಚು ತೆಗ್ಯೋ ಆಯ್ಕೆ ಟಿಕ್ ಮಾಡಿ, ಆ ನೇರಳೆ ಹಸಿರು ಗೆರೆ ಬಹುತೇಕ ಹೋಗತ್ತೆ. ಆಮೇಲೆ ಕಾಂಟ್ರಾಸ್ಟ್, ಸ್ವಲ್ಪ ಡಿಹೇಜ್ (ಮಬ್ಬು ತೆಗ್ಯೋ ಆಯ್ಕೆ), ಕನ್ವರ್ಟರ್ ಗಾಜು ಮತ್ತೆ ದೂರದ ಗಾಳಿ ಸೇರಿ ಕಪ್ಪನ್ನ ಬೂದು ಮಾಡಿರತ್ತೆ, ಕಪ್ಪು ವಾಪಸ್ ಬಂದ್ರೆ ಅರ್ಧ ಶಾರ್ಪ್‌ನೆಸ್ ತಾನಾಗೇ ಬಂದ ಹಾಗೆ ಕಾಣತ್ತೆ. ಶಾರ್ಪನಿಂಗ್ ಇಡೀ ಫೋಟೋಗೆ ಹಾಕ್ಬೇಡಿ, ಮಾಸ್ಕ್ ಹಾಕಿ ಮುಖ, ಕಣ್ಣು, ನಂಬರ್‌ಗೆ ಮಾತ್ರ, ಹಿಂದಿನ ಮಬ್ಬಲ್ಲಿರೋ ನಾಯ್ಸ್ ಶಾರ್ಪ್ ಮಾಡಿ ಏನೂ ಸಿಗಲ್ಲ. ಕನ್ವರ್ಟರ್ ತನ್ನ ಮಾಹಿತಿ ಬಾಡಿಗೆ ಕಳ್ಸದೇ ಇದ್ರೆ ಫೈಲಲ್ಲಿ 300 ಎಫ್/5.6 ಅಂತಲೇ ಬರೆದಿರತ್ತೆ, ಹಾಗಾಗಿ ಯಾವ ಫೋಟೋ ಹಾಕಿ ತೆಗ್ದಿದ್ದು ಯಾವ್ದು ಹಾಕ್ದೆ ತೆಗ್ದಿದ್ದು ಅಂತ ಆಮೇಲೆ ಗೊತ್ತಾಗಲ್ಲ. ಅದಕ್ಕೆ ನಾನು ಪ್ರತಿ ಸಲ ಹಾಕಿದ ಕೂಡ್ಲೇ ಕನ್ವರ್ಟರ್ ಕ್ಯಾಪನ್ನೇ ಕೈಯಲ್ಲಿ ಹಿಡಿದು ಒಂದು ಫೋಟೋ ತೆಗೀತೀನಿ, ಬಿಚ್ಚಿದ ಕೂಡ್ಲೇ ಖಾಲಿ ಅಂಗೈದೊಂದು, ಅವೆರಡರ ಮಧ್ಯೆ ಇರೋದೆಲ್ಲ ಕನ್ವರ್ಟರ್ ಫೋಟೋ.